ಅಮೆರಿಕದಲ್ಲಿ ಮನೆ ಕೊಳ್ಳುವಾಗ: ಎಚ್‌ಒಎ ಮನೆ, ಟೌನ್‌ಹೋಮ್, ಕಾಂಡೋ, ಇಲ್ಲಾ ಸಂಘವೇ ಇಲ್ಲದ ಮನೆ?

ಕಳೆದ ವರ್ಷ ಯುಗಾದಿ ಹೊತ್ತಿಗೆ ಅಮ್ಮ ಮೈಸೂರಿಂದ ಬಂದಿದ್ದರು. ಟೆಕ್ಸಸ್‌ನ ಡಾಲಸ್ ಪಕ್ಕದ ನಮ್ಮ ಮನೆಯ ಹಿತ್ತಿಲಲ್ಲಿ, ಪ್ಯಾಟಿಯೊ ಕಂಬದಿಂದ ಬೇಲಿಯವರೆಗೆ ಒಂದು ನೈಲಾನ್ ಹಗ್ಗ ಕಟ್ಟಿದರು. ಬೆಳಗ್ಗೆ ಒಗೆದ ಸೀರೆ, ಪಂಚೆ, ಟವೆಲ್ ಎಲ್ಲ ಅದರ ಮೇಲೆ. ಇಲ್ಲಿನ ಬಿಸಿಲಿಗೆ ಹನ್ನೊಂದು ಗಂಟೆಗೆಲ್ಲ ಗರಿಗರಿ ಒಣಗುತ್ತಿತ್ತು. ಸೀರೆಯನ್ನು ಡ್ರೈಯರ್‌ಗೆ ಹಾಕಲು ಅವರಿಗೆ ಮನಸ್ಸೇ ಬರಲಿಲ್ಲ.

ಮೂರನೇ ವಾರ ಬಡಾವಣೆಯ ಮನೆ ಮಾಲೀಕರ ಸಂಘದಿಂದ ಪತ್ರ ಬಂತು. ಒಳಗೆ ನಮ್ಮ ಹಿತ್ತಿಲಿನ ಫೋಟೋ. ಅಮ್ಮನ ಹಸಿರು ಸೀರೆ ಎದ್ದು ಕಾಣುತ್ತಿತ್ತು. ನಮ್ಮದು ಮೂಲೆ ಮನೆ, ಪಕ್ಕದಲ್ಲೇ ವಾಕಿಂಗ್ ದಾರಿ, ಆ ಕಡೆಯ ಬೇಲಿ ಕಬ್ಬಿಣದ ಸರಳಿನದು. ದಾರಿಗೆ ಕಾಣುವ ಹಾಗೆ ಬಟ್ಟೆ ಒಣಹಾಕುವಂತಿಲ್ಲ, ಕೊಟ್ಟ ದಿನದೊಳಗೆ ತೆಗೆಯಬೇಕು, ಇಲ್ಲದಿದ್ದರೆ ದಂಡ ಎಂದು ಬರೆದಿತ್ತು.

"ನಿನ್ನದೇ ಮನೆ ಅಂತೀಯ. ಬಟ್ಟೆ ಒಣಗಿಸೋಕೆ ಬೇರೆಯವರ ಅಪ್ಪಣೆ ಯಾಕೆ?" ಅಂತ ಅಮ್ಮ ಕೇಳಿದರು.

ಉತ್ತರ ನನ್ನ ಕಪಾಟಿನಲ್ಲೇ ಇತ್ತು. ಮನೆ ಕೊಳ್ಳುವಾಗ ಬಂದ ಕಾಗದದ ಕಟ್ಟಿನಲ್ಲಿ ಸಂಘದ ನಿಯಮಗಳ ಪುಸ್ತಕವೂ ಇತ್ತು. ಅಡುಗೆಮನೆ ಎಷ್ಟು ದೊಡ್ಡದು, ಶಾಲೆ ಎಷ್ಟು ಹತ್ತಿರ ಅಂತ ವಾರಗಟ್ಟಲೆ ನೋಡಿದ್ದೆ. ಆ ಪುಸ್ತಕವನ್ನು ಬಿಚ್ಚಿರಲಿಲ್ಲ. ಈಗ ಮನೆ ಹುಡುಕುತ್ತಿರುವ ಗೆಳೆಯರು ಫೋನ್ ಮಾಡಿ ಯಾವ ಥರದ ಮನೆ ತಗೊಳ್ಳೋದು ಅಂತ ಕೇಳಿದಾಗ, ನಾನು ಮೊದಲು ಹೇಳುವುದು ಇದೇ: ಇಲ್ಲಿ ಮನೆಯ ಜೊತೆ ನಿಯಮವನ್ನೂ ಕೊಳ್ಳುತ್ತೀರಿ. ನಾಲ್ಕು ಥರದ ಮನೆಗೂ ನಾಲ್ಕು ಥರದ ನಿಯಮ. ನಿಮ್ಮ ಮನೆಯವರು ಬದುಕುವ ರೀತಿಗೆ ಯಾವುದು ಹೊಂದುತ್ತದೆ ಅಂತ ನೋಡಿ ಆರಿಸಿ.

ಈ ಸಂಘಕ್ಕೆ ಅಷ್ಟು ಅಧಿಕಾರ ಎಲ್ಲಿಂದ ಬಂತು?

ಎಚ್‌ಒಎ ಅಂದರೆ ಮನೆ ಮಾಲೀಕರ ಸಂಘ. ಅಮೆರಿಕದಲ್ಲಿ ಇಂಥ ಸಂಘಗಳು, ಕಾಂಡೋ (ಅಪಾರ್ಟ್‌ಮೆಂಟ್ ಥರದ ಮನೆ) ಸಂಘಗಳನ್ನೂ ಸೇರಿಸಿ, 3.5 ಲಕ್ಷಕ್ಕೂ ಹೆಚ್ಚಿವೆ. ಅವುಗಳ ಕೆಳಗೆ 7 ಕೋಟಿಗೂ ಹೆಚ್ಚು ಜನ ಬದುಕುತ್ತಿದ್ದಾರೆ. ಹೊಸ ಬಡಾವಣೆಗಳಲ್ಲಂತೂ ಸಂಘ ಇಲ್ಲದ ಮನೆ ಹುಡುಕುವುದೇ ಕಷ್ಟ.

ನಮ್ಮೂರಿನ ಬಡಾವಣೆ ಸಂಘದ ಹಾಗೆ ಬೇಕಾದರೆ ಸೇರುವುದು, ಬೇಡವಾದರೆ ಬಿಡುವುದು ಇಲ್ಲಿ ನಡೆಯುವುದಿಲ್ಲ. ಬಿಲ್ಡರ್ ಲೇಔಟ್ ಮಾಡುವಾಗಲೇ ಒಂದು ಘೋಷಣಾ ಪತ್ರ ಬರೆದು ಕೌಂಟಿ (ನಮ್ಮ ಜಿಲ್ಲೆಯ ಹಾಗೆ) ಕಚೇರಿಯಲ್ಲಿ ದಾಖಲಿಸುತ್ತಾನೆ. ಡಿಕ್ಲರೇಷನ್, ಸಿಸಿ ಅಂಡ್ ಆರ್ ಅಂತ ಕರೆಯುತ್ತಾರೆ. ಅದು ಜಾಗಕ್ಕೇ ಅಂಟಿಕೊಂಡಿರುತ್ತದೆ. ಜಾಗ ಯಾರು ಕೊಂಡರೂ ಅವರು ಸದಸ್ಯರು, ಅವರು ಅದಕ್ಕೆ ಬದ್ಧರು. ನಾನು ಓದಿಲ್ಲ ಅಂದರೆ ಯಾರೂ ಕೇಳುವುದಿಲ್ಲ.

ಅದರ ಕೆಳಗೆ ಬೈಲಾ. ಸಭೆ ಯಾವಾಗ, ಬೋರ್ಡ್‌ಗೆ (ಸಂಘದ ಆಡಳಿತ ಮಂಡಳಿಗೆ) ಎಷ್ಟು ಜನ, ಮತ ಹೇಗೆ ಅನ್ನುವುದು ಅದರಲ್ಲಿ ಇರುತ್ತದೆ. ಅದರ ಕೆಳಗೆ ನಿಯಮಗಳ ಪುಸ್ತಕ. ಬೇಲಿಯ ಬಣ್ಣ, ಕಸದ ಡಬ್ಬಿ ಯಾವಾಗ ಹೊರಗಿಡಬೇಕು, ಕ್ರಿಸ್ಮಸ್ ದೀಪ ಎಷ್ಟು ದಿನ ಎಂಬ ವಿವರ ಹೆಚ್ಚಾಗಿ ಇಲ್ಲಿರುತ್ತದೆ. ಈ ಎಲ್ಲದರ ಮೇಲೆ ರಾಜ್ಯದ ಕಾನೂನು, ಅದಕ್ಕೂ ಮೇಲೆ ಕೇಂದ್ರದ ಕಾನೂನು.

ಒಂದು ನಿಯಮ ಯಾವ ಕಾಗದದಲ್ಲಿದೆ ಅನ್ನುವುದನ್ನು ಗಮನಿಸಿ. ಟೆಕ್ಸಸ್‌ನಲ್ಲಿ ಘೋಷಣಾ ಪತ್ರ ತಿದ್ದಬೇಕಾದರೆ ಸಾಮಾನ್ಯವಾಗಿ ಎಲ್ಲ ಮಾಲೀಕರ ಮತಗಳಲ್ಲಿ 67% ಬೇಕು (ಪತ್ರದಲ್ಲೇ ಅದಕ್ಕಿಂತ ಕಡಿಮೆ ಬರೆದಿದ್ದರೆ ಅಷ್ಟು ಸಾಕು). ಅಷ್ಟು ಜನರನ್ನು ಸೇರಿಸುವುದು ತುಂಬಾ ಕಷ್ಟ. ಬರೀ ನಿಯಮಗಳ ಪುಸ್ತಕದಲ್ಲಿದ್ದರೆ ಬೋರ್ಡ್‌ನ ಒಂದು ಸಭೆಯಲ್ಲಿ ಬದಲಾಯಿಸಬಹುದು. ಇದು ಎರಡೂ ಕಡೆ ಹರಿತ. ಇವತ್ತು ನಿಮಗೆ ಇಷ್ಟವಾದ ಸಡಿಲ ನಿಯಮ ನಾಳೆ ಬಿಗಿಯಾಗಬಹುದು. ಇವತ್ತಿನ ತೊಂದರೆಯ ನಿಯಮ ನಾಳೆ ಹೋಗಲೂಬಹುದು.

ಇಲ್ಲೇ ಒಂದು ಮಾತು ಹೇಳಬೇಕು. ಹಳೆಯ ಬಡಾವಣೆಗಳ ಘೋಷಣಾ ಪತ್ರ ಓದಿದರೆ ಕೆಲವು ಕಡೆ ಕರಿಯರಿಗೆ, ಏಷ್ಯಾದವರಿಗೆ ಈ ಮನೆ ಮಾರಕೂಡದು ಅನ್ನುವ ಸಾಲು ಇನ್ನೂ ಇರುತ್ತದೆ. 1948ರಲ್ಲಿ ಶೆಲ್ಲಿ ವರ್ಸಸ್ ಕ್ರೇಮರ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್, ಇಂಥ ಸಾಲುಗಳನ್ನು ಕೋರ್ಟ್‌ಗಳು ಜಾರಿ ಮಾಡುವಂತಿಲ್ಲ ಎಂದಿತು. 1968ರ ಫೇರ್ ಹೌಸಿಂಗ್ ಕಾನೂನು ಇಂಥ ತಾರತಮ್ಯವನ್ನೇ ನಿಷೇಧಿಸಿತು. ಆ ಸಾಲು ಈಗ ಸತ್ತ ಅಕ್ಷರ. ಆದರೂ ನಮ್ಮಂಥವರು ಇವತ್ತು ಇಲ್ಲಿ ಸಹಿ ಹಾಕಿ ಕೀಲಿ ತಗೊಳ್ಳುವುದರ ಹಿಂದೆ ಯಾರ ಹೋರಾಟ ಇದೆ ಅನ್ನುವುದು ನೆನಪಿರಲಿ.

ಎಚ್‌ಒಎ ಇರುವ ಬಿಡಿ ಮನೆ

ನಮ್ಮವರಲ್ಲಿ ಹೆಚ್ಚಿನವರು ಕೊಳ್ಳುವುದು ಇದನ್ನೇ. ಮನೆ ನಿಮ್ಮದು, ಜಾಗ ನಿಮ್ಮದು, ಛಾವಣಿ ಸೋರಿದರೆ ದುಡ್ಡೂ ನಿಮ್ಮದೇ. ಸಂಘದ ಕೈಯಲ್ಲಿರುವುದು ಪಾರ್ಕು, ಈಜುಕೊಳ, ದಾರಿ ಬದಿಯ ಗಿಡ, ಕೆಲವು ಕಡೆ ರಸ್ತೆ ಮತ್ತು ಗೇಟು. ಹಾಗಾಗಿ ಡ್ಯೂಸ್, ಅಂದರೆ ಸಂಘಕ್ಕೆ ಕಟ್ಟುವ ವಂತಿಗೆ, ಕಡಿಮೆ.

ಒಳಗೆ ನೀವು ಏನು ಮಾಡಿದರೂ ಸಂಘ ತಲೆ ಹಾಕುವುದು ಕಡಿಮೆ. ಅದರ ಕಣ್ಣೆಲ್ಲ ಹೊರಗಡೆ. ಬಣ್ಣ, ಬೇಲಿ, ಛಾವಣಿಯ ಹೆಂಚು, ಶೆಡ್, ಪರ್ಗೋಲ, ಮುಂದಿನ ಹುಲ್ಲು, ಡ್ರೈವ್‌ವೇಯಲ್ಲಿ ನಿಲ್ಲಿಸುವ ಗಾಡಿ ಎಲ್ಲಕ್ಕೂ ಲೆಕ್ಕ. ಏನಾದರೂ ಬದಲಾಯಿಸುವ ಮೊದಲು ಎಆರ್‌ಸಿ ಅನ್ನುವ ವಿನ್ಯಾಸ ಸಮಿತಿಗೆ ಅರ್ಜಿ ಹಾಕಬೇಕು. ಅಳತೆ, ಬಣ್ಣದ ಮಾದರಿ, ಸೈಟ್ ನಕ್ಷೆ ಕೊಡಬೇಕು. ಕಂಟ್ರಾಕ್ಟರ್ "ಆಮೇಲೆ ಹಾಕಿದರಾಯ್ತು, ಎಲ್ಲರೂ ಹಾಗೇ ಮಾಡ್ತಾರೆ" ಅಂದರೆ ಕೇಳಬೇಡಿ. ಒಪ್ಪಿಗೆ ಇಲ್ಲದೆ ಕಟ್ಟಿದ್ದನ್ನು ಕೆಡವಿಸುವ ಅಧಿಕಾರ ಸಂಘಕ್ಕಿದೆ.

ಆದರೆ ಸಂಘ ಹೇಳಿದ್ದೆಲ್ಲ ವೇದವಾಕ್ಯ ಅಲ್ಲ. ಟೆಕ್ಸಸ್‌ನಲ್ಲಿ ಹನಿ ನೀರಾವರಿ, ಮಳೆ ನೀರಿನ ಡ್ರಮ್ಮು, ಗೊಬ್ಬರದ ಗುಂಡಿ, ಕಡಿಮೆ ನೀರು ಕುಡಿಯುವ ಗಿಡ ಇವನ್ನು ಸಂಘ ಪೂರ್ತಿ ನಿಷೇಧಿಸುವಂತಿಲ್ಲ. ಎಲ್ಲಿ, ಹೇಗೆ ಅಂತ ಮಾತ್ರ ಹೇಳಬಹುದು. ಸೋಲಾರ್ ಫಲಕಕ್ಕೂ ರಾಜ್ಯದ ರಕ್ಷಣೆ ಇದೆ. ಭದ್ರತಾ ಕ್ಯಾಮೆರಾ ಹಾಕುವುದನ್ನು ತಡೆಯುವಂತಿಲ್ಲ ಅಂತ 2021ರಲ್ಲಿ ಕಾನೂನು ಬಂತು. ಕ್ಯಾಲಿಫೋರ್ನಿಯಾದಲ್ಲಿ 2015ರ ಕಾನೂನಿನ ಪ್ರಕಾರ, ನಿಮಗೊಬ್ಬರಿಗೇ ಸೇರಿದ ಹಿತ್ತಿಲಲ್ಲಿ ಬಟ್ಟೆ ಒಣಹಾಕುವ ಹಗ್ಗವನ್ನು ಸಂಘ ನಿಷೇಧಿಸುವಂತಿಲ್ಲ. ಅಮ್ಮನ ಸೀರೆ ಅಲ್ಲಿದ್ದಿದ್ದರೆ ಕಥೆಯೇ ಬೇರೆ ಆಗುತ್ತಿತ್ತು. ಫ್ಲೋರಿಡಾದಲ್ಲಿ 2024ರಿಂದ ನಿಮ್ಮ ಸ್ವಂತ ಪಿಕಪ್ ಟ್ರಕ್ಕನ್ನು ಡ್ರೈವ್‌ವೇಯಲ್ಲಿ ನಿಲ್ಲಿಸಬೇಡಿ ಅಂತ ಎಚ್‌ಒಎ ಹೇಳುವಂತಿಲ್ಲ. ಒಂದು ಮೀಟರಿಗಿಂತ ದೊಡ್ಡದಲ್ಲದ ಡಿಶ್ ಆಂಟೆನಾವನ್ನು ನಿಮ್ಮದೇ ಜಾಗದಲ್ಲಿ ಹಾಕಲು 1996ರಿಂದ ದೇಶದುದ್ದಕ್ಕೂ ಹಕ್ಕಿದೆ. ರಾಜ್ಯ ಬದಲಾದರೆ ಹಕ್ಕೂ ಬದಲು. ಆಸ್ಟಿನ್‌ನ ಗೆಳೆಯರ ಅನುಭವ ಕೇಳಿಕೊಂಡು ಸ್ಯಾನ್ ಹೋಸೆಯಲ್ಲಿ ಮನೆ ಆರಿಸಬೇಡಿ.

ಟೌನ್‌ಹೋಮ್: ಇಲ್ಲಿ ಸ್ವಲ್ಪ ಎಚ್ಚರ

ನೋಡಲು ಎರಡು ಅಂತಸ್ತಿನ ಮನೆ, ಪಕ್ಕದವರ ಜೊತೆ ಗೋಡೆ ಹಂಚಿಕೊಂಡಿರುತ್ತದೆ. ಕಾನೂನಿನ ಕಣ್ಣಿಗೆ ಮಾತ್ರ ಎರಡು ಜಾತಿ. ಕೆಲವು ಟೌನ್‌ಹೋಮ್‌ಗಳಲ್ಲಿ ಕೆಳಗಿನ ಜಾಗವೂ ನಿಮ್ಮದು. ಇನ್ನು ಕೆಲವು ಕಾಗದದ ಮೇಲೆ ಕಾಂಡೋಗಳು, ಅಂದರೆ ಗೋಡೆಗಳ ಒಳಗಿನ ಜಾಗ ಮಾತ್ರ ನಿಮ್ಮದು. ನೋಟಕ್ಕೆ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಆಸ್ತಿಯ ವಿವರದಲ್ಲಿ ಲಾಟ್, ಬ್ಲಾಕ್ ಅಂತ ಬರೆದಿದ್ದರೆ ಸಾಮಾನ್ಯವಾಗಿ ಮೊದಲನೇ ಥರ, ಯೂನಿಟ್ ನಂಬರ್ ಅಂತ ಬರೆದಿದ್ದರೆ ಕಾಂಡೋ ಥರ. ರಿಯಲ್ಟರ್‌ಗೆ (ಮನೆ ಕೊಡಿಸುವ ಏಜೆಂಟ್‌ಗೆ) ಈ ಒಂದು ಪ್ರಶ್ನೆ ಕೇಳಿಯೇ ಕೇಳಿ.

ಯಾಕೆ ಅಂದರೆ ಇನ್ಶೂರೆನ್ಸ್ ಅದರ ಮೇಲೆ ನಿಂತಿದೆ. ಛಾವಣಿ ಯಾರದು? ಹೊರಗಿನ ಗೋಡೆ ಯಾರದು? ಇಲ್ಲಿ ಆಲಿಕಲ್ಲು ಮಳೆ ಬಿದ್ದರೆ ಇಡೀ ಸಾಲಿನ ಛಾವಣಿ ಒಟ್ಟಿಗೆ ಹೋಗುತ್ತದೆ. ಸಂಘ ಹಾಕಿಸುತ್ತದೆ ಅಂತ ನೀವು, ಮಾಲೀಕರು ಹಾಕಿಸುತ್ತಾರೆ ಅಂತ ಸಂಘ ಕೂತರೆ ನೀರು ಕೆಳಗಿಳಿಯುತ್ತಲೇ ಇರುತ್ತದೆ. ಯಾವ ಭಾಗದ ದುರಸ್ತಿ ಯಾರದು ಅನ್ನುವ ಪಟ್ಟಿ ಘೋಷಣಾ ಪತ್ರದಲ್ಲಿ ಇದ್ದೇ ಇರುತ್ತದೆ. ಅದನ್ನು ಹುಡುಕಿ ಇನ್ಶೂರೆನ್ಸ್ ಏಜೆಂಟ್‌ಗೆ ಕಳಿಸಿ, ಆಮೇಲೆ ಪಾಲಿಸಿ ಮಾಡಿಸಿ.

ಅತಿಥಿಗಳ ಪಾರ್ಕಿಂಗ್ ಇನ್ನೊಂದು ವಿಷಯ. ವರಮಹಾಲಕ್ಷ್ಮಿ ಪೂಜೆಗೆ ಹದಿನೈದು ಮನೆಯವರನ್ನು ಕರೆದರೆ ಹದಿನೈದು ಕಾರು ಬರುತ್ತವೆ. ಟೌನ್‌ಹೋಮ್ ಗುಂಪಿನಲ್ಲಿ ಅತಿಥಿಗಳಿಗೆ ಇರುವುದು ಕೈಬೆರಳೆಣಿಕೆಯ ಜಾಗ. ಅಗ್ನಿಶಾಮಕ ಗಾಡಿಯ ದಾರಿಯಲ್ಲಿ ನಿಲ್ಲಿಸಿದ ಕಾರನ್ನು ಎಳೆದುಕೊಂಡು ಹೋಗುತ್ತಾರೆ.

ಕಾಂಡೋ: ಕೊಳ್ಳುವುದು ಮನೆಯನ್ನಲ್ಲ, ಪಾಲನ್ನು

ಕಾಂಡೋ ಬಗ್ಗೆ ಜಾಸ್ತಿ ಬರೆಯುತ್ತೇನೆ. ನಮ್ಮವರು ಮೋಸ ಹೋಗುವುದು ಇಲ್ಲೇ ಜಾಸ್ತಿ. ಬೆಲೆ ಕಡಿಮೆ ಕಾಣುತ್ತದೆ, ಜಾಗ ಊರ ನಡುವೆ, ಹುಲ್ಲು ಕೊಯ್ಯುವ ಕೆಲಸ ಇಲ್ಲ. ಬೆಂಗಳೂರಿನಲ್ಲಿ ಅಪಾರ್ಟ್‌ಮೆಂಟ್‌ನಲ್ಲಿ ಇದ್ದವರಿಗೆ ಇದು ಮನೆಯಂತೆಯೇ ಅನಿಸುತ್ತದೆ.

ಇಲ್ಲಿ ನಿಮ್ಮದು ಗೋಡೆಗಳ ಒಳಗಿನ ಜಾಗ ಮಾತ್ರ. ಗೋಡೆ, ಛಾವಣಿ, ಕಂಬ, ಲಿಫ್ಟ್, ಕೊಳವೆ, ಮೆಟ್ಟಿಲು ಎಲ್ಲರಿಗೂ ಸೇರಿದ್ದು. ಬಾಲ್ಕನಿ ಬಳಸುವವರು ನೀವು, ಆದರೆ ಹೆಚ್ಚಿನ ಕಡೆ ಅದೂ ಸಾಮಾನ್ಯ ಆಸ್ತಿಯೇ. ಹಾಗಾಗಿ ನಿಯಮ ಹೊರಗಷ್ಟೇ ನಿಲ್ಲದೆ ಮನೆಯೊಳಗೂ ಬರುತ್ತದೆ. ಕಾರ್ಪೆಟ್ ತೆಗೆದು ಮರದ ನೆಲ ಹಾಕಿಸಬೇಕಾದರೆ ಕೆಳಮನೆಗೆ ಸದ್ದು ಹೋಗದ ಪದರ ಹಾಕಿದ್ದಕ್ಕೆ ಪುರಾವೆ ಕೇಳುತ್ತಾರೆ. ಅಡುಗೆಮನೆಯ ಚಿಮಣಿ ಹೊರಗೆ ಬಿಡಲು ಗೋಡೆ ಕೊರೆಯುವಂತಿಲ್ಲ, ಗೋಡೆ ನಿಮ್ಮದಲ್ಲವಲ್ಲ. ಬಾಗಿಲ ಹೊರಗೆ ಚಪ್ಪಲಿ ಸ್ಟ್ಯಾಂಡ್ ಇಟ್ಟರೆ ಬೆಂಕಿ ನಿಯಮದ ಹೆಸರಲ್ಲಿ ಪತ್ರ ಬರುತ್ತದೆ, ಕಾರಿಡಾರ್ ಖಾಲಿ ಇರಬೇಕು. ಗೃಹಪ್ರವೇಶಕ್ಕೆ ಹೋಮ ಮಾಡಿದರೆ ಹೊಗೆಗೆ ಕಟ್ಟಡದ ಅಲಾರಂ ಕೂಗಿ ಎಲ್ಲರೂ ಕೆಳಗಿಳಿಯಬೇಕಾಗಬಹುದು. ಮ್ಯಾನೇಜರ್‌ಗೆ ಮೊದಲೇ ಹೇಳಿ, ಪುಟ್ಟ ಹೋಮಕುಂಡದಲ್ಲಿ ಮಾಡಿ ಮುಗಿಸಿದವರನ್ನು ನಾನು ಕಂಡಿದ್ದೇನೆ.

ಇದೆಲ್ಲ ಸಣ್ಣ ವಿಷಯ. ದೊಡ್ಡದು ರಿಸರ್ವ್ ನಿಧಿ. ಕಟ್ಟಡ ಹಳೆಯದಾಗುತ್ತದೆ, ಛಾವಣಿ, ಲಿಫ್ಟ್, ಕಾಂಕ್ರೀಟ್ ದುರಸ್ತಿಗೆ ದುಡ್ಡು ಕೂಡಿಡಬೇಕು. ಡ್ಯೂಸ್ ಏರಿಸಿದರೆ ಜನ ಬೈಯುತ್ತಾರೆ ಅಂತ ಎಷ್ಟೋ ಬೋರ್ಡ್‌ಗಳು ವರ್ಷಗಟ್ಟಲೆ ಕೂಡಿಡುವುದೇ ಇಲ್ಲ. ಒಂದು ದಿನ ಕೆಲಸ ಮಾಡಿಸಲೇಬೇಕಾದಾಗ ಸ್ಪೆಷಲ್ ಅಸೆಸ್‌ಮೆಂಟ್ ಅಂತ ಎಲ್ಲರ ಮೇಲೆ ಒಟ್ಟಿಗೆ ಹೊರೆ ಬೀಳುತ್ತದೆ.

ಫ್ಲೋರಿಡಾದ ಸರ್ಫ್‌ಸೈಡ್‌ನಲ್ಲಿ ಆದದ್ದು ನೆನಪಿರಬಹುದು. 1981ರಲ್ಲಿ ಕಟ್ಟಿದ 12 ಅಂತಸ್ತಿನ ಚಾಂಪ್ಲೇನ್ ಟವರ್ಸ್ ಸೌತ್, 2021ರ ಜೂನ್ 24ರ ನಡುರಾತ್ರಿ ಕಳೆದ ಮೇಲೆ ಕುಸಿಯಿತು. 98 ಜನ ಸತ್ತರು. ಕಾಂಕ್ರೀಟ್ ಹಾಳಾಗಿದೆ ಅಂತ ಎಂಜಿನಿಯರ್ ಮೂರು ವರ್ಷ ಮೊದಲೇ ವರದಿ ಕೊಟ್ಟಿದ್ದರು. ದುರಸ್ತಿಗೆ 1.5 ಕೋಟಿ ಡಾಲರ್ ಬೇಕಿತ್ತು. ಒಂದೊಂದು ಮನೆಯ ಪಾಲಿಗೆ ಸುಮಾರು 80 ಸಾವಿರ ಡಾಲರಿನಿಂದ 3 ಲಕ್ಷಕ್ಕೂ ಹೆಚ್ಚು ಬರುತ್ತಿತ್ತು. ವಾದ, ವಿವಾದ, ಮುಂದೂಡಿಕೆಯಲ್ಲಿ ಕಾಲ ಹೋಯಿತು. ಮರುವರ್ಷ ಫ್ಲೋರಿಡಾ ಕಾನೂನು ಬದಲಾಯಿಸಿತು. ಮೂರು ಅಂತಸ್ತು ಮತ್ತು ಅದಕ್ಕೆ ಮೇಲ್ಪಟ್ಟ ಕಾಂಡೋ ಕಟ್ಟಡಗಳಿಗೆ 30 ವರ್ಷಕ್ಕೆ ಕಡ್ಡಾಯ ತಪಾಸಣೆ ಬಂತು, ರಚನೆಗೆ ಸಂಬಂಧಿಸಿದ ರಿಸರ್ವ್ ಲೆಕ್ಕವೂ ಕಡ್ಡಾಯವಾಯಿತು. ಆಮೇಲೆ ಅಲ್ಲಿನ ಹಳೆಯ ಕಟ್ಟಡಗಳಲ್ಲಿ ಡ್ಯೂಸ್ ಜೋರಾಗಿ ಏರಿತು.

ಆದ್ದರಿಂದ ಕಾಂಡೋ ನೋಡುವಾಗ ಗ್ರಾನೈಟ್ ಕೌಂಟರ್ ನೋಡುವ ಮೊದಲು ರಿಸರ್ವ್ ಅಧ್ಯಯನ ಕೇಳಿ. ಎಷ್ಟು ಬೇಕು, ಎಷ್ಟು ಕೂಡಿದೆ ಅಂತ ಅದರಲ್ಲಿ ಶೇಕಡಾ ಲೆಕ್ಕದಲ್ಲಿ ಇರುತ್ತದೆ. ಕಟ್ಟಡ ಹಳೆಯದು, ಡ್ಯೂಸ್ ಮಾತ್ರ ತುಂಬಾ ಕಡಿಮೆ ಅಂದರೆ ನನಗೆ ಭಯವೇ ಆಗುತ್ತದೆ. ಆ ಉಳಿತಾಯದ ಬಿಲ್ಲು ಮುಂದೆ ಯಾರಿಗೋ ಬಂದೇ ಬರುತ್ತದೆ. ಸಾಲ ಕೊಡುವ ಬ್ಯಾಂಕೂ ಕಾಂಡೋ ಆದರೆ ನಿಮ್ಮ ಸಂಬಳ ಮಾತ್ರ ನೋಡುವುದಿಲ್ಲ, ಸಂಘದ ಬಜೆಟ್ಟು, ಇನ್ಶೂರೆನ್ಸ್, ಕೋರ್ಟ್ ಕೇಸು ಎಲ್ಲ ನೋಡುತ್ತದೆ. ಸಂಘ ಸರಿ ಇಲ್ಲದಿದ್ದರೆ ನಿಮಗೆ ಸಾಲ ಸಿಗುವುದಿಲ್ಲ. ನಾಳೆ ನಿಮ್ಮಿಂದ ಕೊಳ್ಳಲು ಬರುವವರಿಗೂ ಸಿಗುವುದಿಲ್ಲ.

ಇನ್ಶೂರೆನ್ಸ್ ಎರಡು ಭಾಗ. ಕಟ್ಟಡಕ್ಕೆ ಸಂಘದ್ದು, ಒಳಗಿನದಕ್ಕೆ ನಿಮ್ಮ ಎಚ್‌ಒ-6 ಪಾಲಿಸಿ. ಅದರಲ್ಲಿ ಲಾಸ್ ಅಸೆಸ್‌ಮೆಂಟ್ ಅನ್ನುವ ಸೇರ್ಪಡೆ ಇದೆ. ಸಂಘದ ಇನ್ಶೂರೆನ್ಸ್ ಸಾಲದೆ ನಷ್ಟದ ಪಾಲು ನಿಮ್ಮ ಮೇಲೆ ಬಿದ್ದಾಗ ಅದು ಸ್ವಲ್ಪ ತುಂಬಿಕೊಡುತ್ತದೆ. ಮರೆಯದೆ ಹಾಕಿಸಿ, ಮಿತಿ ಎಷ್ಟು ಅಂತಲೂ ಕೇಳಿ.

ಸಂಘ ಇಲ್ಲದ ಮನೆ

ಹಳೆಯ ಏರಿಯಾಗಳಲ್ಲಿ, ಊರಾಚೆಯ ಎಕರೆ ಜಾಗಗಳಲ್ಲಿ ಸಿಗುತ್ತದೆ. ಪತ್ರ ಇಲ್ಲ, ಡ್ಯೂಸ್ ಇಲ್ಲ. ತರಕಾರಿ ತೋಟ, ಬಟ್ಟೆ ಹಗ್ಗ, ದೊಡ್ಡ ತುಳಸಿ ಕಟ್ಟೆ ಎಲ್ಲ ನಿಮ್ಮಿಷ್ಟ.

ಆದರೆ ಸಿಟಿ ಇದ್ದೇ ಇದೆ. ಪರ್ಮಿಟ್ಟು, ಗಡಿಯಿಂದ ಬಿಡಬೇಕಾದ ಜಾಗ, ಹುಲ್ಲಿನ ಎತ್ತರ, ಕೋಳಿ ಎಷ್ಟು ಸಾಕಬಹುದು ಎಲ್ಲಕ್ಕೂ ಸಿಟಿಯ ನಿಯಮ ಇರುತ್ತದೆ. ಸಂಘ ಇಲ್ಲ ಅಂದರೆ ನಿರ್ಬಂಧವೇ ಇಲ್ಲ ಅಂತಲೂ ಅಲ್ಲ. ಹ್ಯೂಸ್ಟನ್ ನಗರಕ್ಕೆ ಝೋನಿಂಗ್ ಕಾನೂನೇ ಇಲ್ಲ, ಅಂದರೆ ಎಲ್ಲಿ ಮನೆ, ಎಲ್ಲಿ ಅಂಗಡಿ ಅಂತ ಜಾಗ ವಿಂಗಡಿಸುವ ಕಾನೂನು. ಹಾಗಾಗಿ ಅಲ್ಲಿ ಹಳೆಯ ಬಡಾವಣೆಗಳ ಡೀಡ್ ನಿರ್ಬಂಧಗಳೇ (ಜಾಗದ ಕಾಗದದಲ್ಲೇ ಬರೆದ ಷರತ್ತುಗಳು) ಆ ಕೆಲಸ ಮಾಡುತ್ತವೆ, ಕೆಲವು ಸಂದರ್ಭಗಳಲ್ಲಿ ನಗರದ ವಕೀಲರೇ ಮುಂದೆ ನಿಂತು ಅವನ್ನು ಜಾರಿ ಮಾಡಿಸುತ್ತಾರೆ. ಅಲ್ಲಿ ಅಂಥ ನಿರ್ಬಂಧವೂ ಇಲ್ಲದ ಜಾಗ ಕೊಂಡರೆ ನಾಳೆ ಪಕ್ಕದಲ್ಲಿ ಏನು ಎದ್ದೇಳುತ್ತದೆ ಅಂತ ಹೇಳಲಾಗದು. ಆಸ್ತಿಯ ಹಕ್ಕು ಪರಿಶೀಲಿಸುವ ಟೈಟಲ್ ಕಂಪನಿ ಕೊಡುವ ವರದಿಯಲ್ಲಿ ಡೀಡ್ ನಿರ್ಬಂಧ ಇದ್ದರೆ ಕಾಣುತ್ತದೆ.

ಪಕ್ಕದ ಮನೆಯವರು ಕೆಟ್ಟ ಕಾರುಗಳನ್ನು ಸಾಲಾಗಿ ನಿಲ್ಲಿಸಿಕೊಂಡರೆ ದೂರು ಕೊಡಲು ಸಂಘ ಇರುವುದಿಲ್ಲ. ಹೋಗಿ ಮಾತಾಡಬೇಕು. ಅದು ಕೆಲವರಿಗೆ ಸುಲಭ, ಕೆಲವರಿಗೆ ಆಗುವುದೇ ಇಲ್ಲ. ನಿಮ್ಮ ಸ್ವಭಾವ ಯಾವುದು ಅಂತ ನಿಮಗೇ ಗೊತ್ತು.

ನಮ್ಮ ಬದುಕಿಗೆ ತಾಗುವ ನಿಯಮಗಳು

ತೋರಣದಿಂದ ಶುರು ಮಾಡೋಣ. ಯುಗಾದಿಗೆ ಇಲ್ಲಿನ ಇಂಡಿಯನ್ ಅಂಗಡಿಯಲ್ಲಿ ಮಾವಿನೆಲೆ ಸಿಗುತ್ತದೆ, ಪುಟ್ಟ ಕಟ್ಟು, ಪ್ಲಾಸ್ಟಿಕ್ ಚೀಲದಲ್ಲಿ. ಅದನ್ನು ಬಾಗಿಲಿಗೆ ಕಟ್ಟಲು ಅಪ್ಪಣೆ ಬೇಕಾ? ಟೆಕ್ಸಸ್‌ನಲ್ಲಿ 2011ರಲ್ಲಿ ಧಾರ್ಮಿಕ ವಸ್ತುಗಳಿಗೆ ರಕ್ಷಣೆ ಬಂದಾಗ ಅದು ಮುಂಬಾಗಿಲಿಗೆ ಮಾತ್ರ, 25 ಚದರ ಇಂಚಿನ ಮಿತಿಯಲ್ಲಿ. ಅಷ್ಟರಲ್ಲಿ ಎರಡು ಎಲೆಯೂ ಹಿಡಿಯುವುದಿಲ್ಲ. 2021ರಲ್ಲಿ ಆ ಅಳತೆ ತೆಗೆದು, ಮನೆಗೂ ಅಂಗಳಕ್ಕೂ ರಕ್ಷಣೆ ಹಿಗ್ಗಿಸಿದರು. ಕ್ಯಾಲಿಫೋರ್ನಿಯಾದಲ್ಲಿ 2020ರಿಂದ ಬಾಗಿಲು, ಬಾಗಿಲ ಚೌಕಟ್ಟಿನ ಮೇಲೆ ಒಟ್ಟು 36 ಇಂಚು ಉದ್ದ, 12 ಇಂಚು ಅಗಲದಷ್ಟು ಜಾಗ. ಫ್ಲೋರಿಡಾದ ಕಾಂಡೋ ಕಾನೂನು ಕೊಡುವುದು 3 ಇಂಚು ಅಗಲ, 6 ಇಂಚು ಎತ್ತರ ಮಾತ್ರ. ಪುಟ್ಟ ಗಣಪತಿ ಸಾಕು, ತೋರಣ ಆಗುವುದಿಲ್ಲ. ಅಲ್ಲಿನ ಸಂಘ ಒಳ್ಳೆಯ ಮನಸ್ಸಿನಿಂದ ಬಿಟ್ಟರೆ ಸರಿ, ಕಾನೂನಿನ ಬಲ ಅಷ್ಟೇ.

ತುಳಸಿ ಕಟ್ಟೆ ಕಲ್ಲು ಸಿಮೆಂಟಿನಲ್ಲಿ ಕಟ್ಟುವುದಾದರೆ ಧರ್ಮದ ಮಾತಿನ ಜೊತೆಗೆ ಗಡಿಯಿಂದ ಬಿಡಬೇಕಾದ ಅಂತರವೂ ಬರುತ್ತದೆ. ಎಆರ್‌ಸಿ ಅರ್ಜಿ ಹಾಕಿಬಿಡಿ. ಚಳಿಗಾಲಕ್ಕೆ ಗಿಡ ಒಳಗೆ ತರಬೇಕಾದ್ದರಿಂದ ಹೆಚ್ಚಿನವರು ಕುಂಡದಲ್ಲೇ ಇಡುತ್ತಾರೆ, ಅದಕ್ಕೆ ಯಾರೂ ಏನೂ ಅನ್ನುವುದಿಲ್ಲ. ದೀಪಾವಳಿಯ ದೀಪದ ಸರಕ್ಕೆ ದಿನಾಂಕದ ಮಿತಿ ನೋಡಿ. ಹಳೆಯ ನಿಯಮಗಳಲ್ಲಿ ದೀಪಕ್ಕೆ ಅವಕಾಶ ನವೆಂಬರ್ ಕೊನೆಯಿಂದ ಮಾತ್ರ ಇರುವುದುಂಟು. ದೀಪಾವಳಿ ಅಕ್ಟೋಬರ್‌ನಲ್ಲೇ ಬಂದ ವರ್ಷ ತೊಡಕಾಗುತ್ತದೆ. ಒಂದು ಇಮೇಲ್ ಬರೆದು ಕೇಳಿದರೆ ಹೆಚ್ಚಿನ ಬೋರ್ಡ್‌ಗಳು ಒಪ್ಪುತ್ತವೆ.

ಇದಕ್ಕಿಂತ ನನ್ನನ್ನು ಕಾಡುವ ವಿಷಯ ಬಾಡಿಗೆ. ನಮ್ಮಲ್ಲಿ ಎಷ್ಟೋ ಜನ ಎಚ್-1ಬಿ ಅನ್ನುವ ಕೆಲಸದ ವೀಸಾ ಮೇಲೆ ಇದ್ದೇವೆ. ಕೆಲಸ ಹೋದರೆ ಎರಡು ತಿಂಗಳಲ್ಲಿ ಹೊಸದು ಹುಡುಕಬೇಕು, ಇಲ್ಲದಿದ್ದರೆ ಹೊರಡಬೇಕು. ಅಪ್ಪ ಅಮ್ಮನಿಗೆ ಹುಷಾರಿಲ್ಲ ಅಂತ ಒಂದು ವರ್ಷ ಊರಿಗೆ ಹೋಗಬೇಕಾಗಬಹುದು. ಆಗ ಮನೆ ಬಾಡಿಗೆಗೆ ಕೊಡೋಣ ಅಂತ ಎಲ್ಲರೂ ಲೆಕ್ಕ ಹಾಕಿರುತ್ತಾರೆ. ಒಟ್ಟು ಇಷ್ಟೇ ಮನೆಗಳನ್ನು ಬಾಡಿಗೆಗೆ ಕೊಡಬಹುದು ಅನ್ನುವ ಮಿತಿ ಸಂಘದಲ್ಲಿ ಇದ್ದರೆ, ಆ ಮಿತಿ ತುಂಬಿದ್ದರೆ, ಸರದಿಯಲ್ಲಿ ಕಾಯಬೇಕು. ಮನೆ ಖಾಲಿ, ಕಂತು ಮಾತ್ರ ತಿಂಗಳು ತಿಂಗಳು. ಕ್ಯಾಲಿಫೋರ್ನಿಯಾದಲ್ಲಿ ಈಗ ಸಂಘ ಹಾಕುವ ಮಿತಿ ಒಟ್ಟು ಮನೆಗಳ 25%ಕ್ಕಿಂತ ಕೆಳಗಿರುವಂತಿಲ್ಲ. ಬೇರೆ ರಾಜ್ಯಗಳಲ್ಲಿ ಹೀಗೆಯೇ ಅಂತ ನಂಬಬೇಡಿ. ಕೊಂಡ ಮೇಲೆ ಮೊದಲ ಒಂದೆರಡು ವರ್ಷ ಬಾಡಿಗೆ ಕೊಡುವಂತಿಲ್ಲ ಅನ್ನುವ ನಿಯಮವೂ ಕೆಲವು ಕಡೆ ಇದೆ. ವೀಸಾ ಮೇಲೆ ಇರುವವರು ಈ ಒಂದು ಪುಟ ಓದದೆ ಆಫರ್ ಹಾಕಲೇಬೇಡಿ.

ಮನೆಯಿಂದ ಕೆಲಸ ಮಾಡುವವರಿಗೂ ಒಂದು ಮಾತು. ಲ್ಯಾಪ್‌ಟಾಪ್ ಮುಂದೆ ಕೂತರೆ ಯಾರೂ ಕೇಳುವುದಿಲ್ಲ. ಭರತನಾಟ್ಯ ತರಗತಿ, ಗಣಿತ ಟ್ಯೂಷನ್, ಡಬ್ಬಿ ಊಟ ಅಂದರೆ ವಾರಕ್ಕೆ ಹಲವು ಕಾರು ಬಂದು ನಿಲ್ಲುತ್ತವೆ. ನಿಯಮದಲ್ಲಿ ಹೆಚ್ಚಾಗಿ ಬರೆದಿರುವುದು ಗ್ರಾಹಕರ ಓಡಾಟದ ಬಗ್ಗೆ.

ನಿವೃತ್ತರಾದ ಮೇಲೆ 55 ವರ್ಷ ಮೇಲ್ಪಟ್ಟವರ ಬಡಾವಣೆಗೆ ಹೋಗುವ ಯೋಚನೆ ಇದ್ದರೆ, ಅಲ್ಲಿ ಜನ ಇರುವ ಮನೆಗಳಲ್ಲಿ ಕನಿಷ್ಠ 80% ಮನೆಗಳಲ್ಲಿ 55 ದಾಟಿದ ಒಬ್ಬರಾದರೂ ಇರಬೇಕು ಅಂತ ಕೇಂದ್ರದ ಕಾನೂನಿದೆ. ಮೊಮ್ಮಕ್ಕಳು ಬೇಸಿಗೆ ರಜೆಗೆ ಎಷ್ಟು ದಿನ ಇರಬಹುದು ಅಂತಲೂ ಮಿತಿ ಇರುತ್ತದೆ.

ದುಡ್ಡಿನ ಲೆಕ್ಕ

ಡ್ಯೂಸ್‌ನ್ನು ಬ್ಯಾಂಕ್ ನಿಮ್ಮ ತಿಂಗಳ ಹೊರೆಯಲ್ಲಿ ಸೇರಿಸುತ್ತದೆ, ಹಾಗಾಗಿ ಅದು ಜಾಸ್ತಿ ಇದ್ದಷ್ಟೂ ಸಿಗುವ ಸಾಲ ಕಡಿಮೆ. ನೀವೇ ವಾಸಿಸುವ ಮನೆಯ ಡ್ಯೂಸ್‌ಗೆ ತೆರಿಗೆ ವಿನಾಯಿತಿ ಇಲ್ಲ. ಟೆಕ್ಸಸ್‌ನ ಹೊಸ ಬಡಾವಣೆಗಳಲ್ಲಿ, ಮುಖ್ಯವಾಗಿ ಹ್ಯೂಸ್ಟನ್ ಸುತ್ತ, ಮಡ್ ಅನ್ನುವ ನೀರು ಒಳಚರಂಡಿ ತೆರಿಗೆಯೋ, ಪಿಡ್ ಅನ್ನುವ ಅಭಿವೃದ್ಧಿ ವಂತಿಕೆಯೋ ಬೇರೆ ಇರುತ್ತದೆ. ಇವು ಎಚ್‌ಒಎಗೆ ಸಂಬಂಧಪಟ್ಟಿದ್ದಲ್ಲ, ಆದರೂ ಹೋಗುವುದು ಅದೇ ಜೇಬಿನಿಂದ. ಮೂರನ್ನೂ ಕೂಡಿಸಿ ನೋಡಿ.

ದಂಡದ ಪತ್ರ ಬಂದರೆ ಎಸೆಯಬೇಡಿ, ಗಾಬರಿಯೂ ಬೇಡ. ಟೆಕ್ಸಸ್‌ನಲ್ಲಿ ಸರಿಪಡಿಸಬಹುದಾದ ತಪ್ಪಿಗೆ ಸಮಯ ಕೊಟ್ಟು, ಸರ್ಟಿಫೈಡ್ ಮೇಲ್‌ನಲ್ಲಿ ಪತ್ರ ಕಳಿಸಿದ ಮೇಲೆಯೇ ದಂಡ ಹಾಕಬೇಕು. 30 ದಿನದೊಳಗೆ ಬೋರ್ಡ್ ಮುಂದೆ ವಿಚಾರಣೆ ಕೇಳುವ ಹಕ್ಕು ನಿಮಗಿದೆ. ಬರೀ ದಂಡದ ಬಾಕಿಗಾಗಿ ಮನೆ ಹರಾಜು ಹಾಕುವಂತಿಲ್ಲ. ಡ್ಯೂಸ್ ಬಾಕಿಗೆ ಮಾತ್ರ ಹಾಕಬಹುದು, ಹಾಕಿದ ಉದಾಹರಣೆಗಳೂ ಇವೆ. ಸಂಘದ ಜೊತೆ ಎಷ್ಟೇ ಜಗಳ ಇದ್ದರೂ ಡ್ಯೂಸ್ ನಿಲ್ಲಿಸಬೇಡಿ. ಕ್ಯಾಲಿಫೋರ್ನಿಯಾ 2025ರಲ್ಲಿ ಹೆಚ್ಚಿನ ದಂಡಗಳಿಗೆ ಒಂದು ತಪ್ಪಿಗೆ 100 ಡಾಲರ್ ಮಿತಿ ಹಾಕಿತು. ಆರೋಗ್ಯ, ಸುರಕ್ಷತೆಯ ವಿಷಯ ಅದಕ್ಕೆ ಹೊರತು.

ಕಾಗದ ಯಾವಾಗ ಕೇಳಬೇಕು

ಆಫರ್ ಹಾಕುವ ಮೊದಲೇ. ಘೋಷಣಾ ಪತ್ರ ಕೌಂಟಿಯಲ್ಲಿ ದಾಖಲಾಗಿರುವುದರಿಂದ ಯಾರು ಬೇಕಾದರೂ ನೋಡಬಹುದು. ಆಫರ್ ಆದ ಮೇಲೆ ಟೆಕ್ಸಸ್‌ನ ಸಾಮಾನ್ಯ ಒಪ್ಪಂದದಲ್ಲಿ, ಸಂಘದ ಮಾಹಿತಿ ಕೈಸೇರಿದ 3 ದಿನದೊಳಗೆ ಹಿಂದೆ ಸರಿಯುವ ಅವಕಾಶ ಇರಿಸಿಕೊಳ್ಳಬಹುದು. ಮೂರು ದಿನ ಬಹಳ ಚಿಕ್ಕದು. ಶುಕ್ರವಾರ ಸಂಜೆ ಕಾಗದ ಬಂದರೆ ವಾರಾಂತ್ಯವನ್ನು ಅದಕ್ಕೇ ಮೀಸಲಿಡಿ. ಮಾರುವ ಮನೆಯ ಬಾಕಿ, ಉಲ್ಲಂಘನೆ, ನಡೆಯುತ್ತಿರುವ ಕೇಸು ಎಲ್ಲ ಹೇಳುವ ರೀಸೇಲ್ ಸರ್ಟಿಫಿಕೇಟ್‌ಗೆ ಸಂಘ 375 ಡಾಲರಿಗಿಂತ ಜಾಸ್ತಿ ಕೇಳುವಂತಿಲ್ಲ. ಹಿಂದಿನವರು ಒಪ್ಪಿಗೆ ಇಲ್ಲದೆ ಹಾಕಿದ ಶೆಡ್ಡು ನಿಮ್ಮ ತಲೆಗೆ ಬರಬಾರದು ಅಂದರೆ ಇದು ಬೇಕು.

ಎಲ್ಲ ಓದಲು ಆಗದಿದ್ದರೆ ಬಾಡಿಗೆ, ದುರಸ್ತಿ ಯಾರ ಪಾಲು, ದಂಡದ ಪಟ್ಟಿ, ಕಳೆದ ಎರಡು ವರ್ಷದ ಬೋರ್ಡ್ ಸಭೆಯ ನಡಾವಳಿ, ಇಷ್ಟನ್ನು ಓದಿ. ನಡಾವಳಿ ನನಗೆ ಎಲ್ಲಕ್ಕಿಂತ ಮುಖ್ಯ. ಜನ ಯಾವ ವಿಷಯಕ್ಕೆ ಜಗಳ ಆಡುತ್ತಿದ್ದಾರೆ, ಛಾವಣಿಯ ಮಾತು ಎಷ್ಟು ಸಲ ಮುಂದೂಡಿದ್ದಾರೆ ಅಂತ ಅಲ್ಲೇ ತಿಳಿಯುತ್ತದೆ. ಒಂದು ಸಂಜೆ ಆ ಬೀದಿಯಲ್ಲಿ ನಡೆದುಕೊಂಡು ಹೋಗಿ, ನಾಯಿ ಓಡಾಡಿಸುತ್ತಿರುವವರನ್ನು ಮಾತಾಡಿಸಿ. ಸಂಘ ಹೇಗಿದೆ ಅಂತ ಕೇಳಿದರೆ ಹತ್ತು ನಿಮಿಷ ಹೇಳುತ್ತಾರೆ.

ನನ್ನನ್ನು ಕೇಳಿದರೆ: ವೀಸಾ ಇನ್ನೂ ಗಟ್ಟಿ ಆಗದವರು, ಬಾಡಿಗೆಗೆ ತಡೆ ಇಲ್ಲದ ಬಿಡಿ ಮನೆ ನೋಡಿ. ಚಿಕ್ಕ ಮಕ್ಕಳಿದ್ದು ಅಪ್ಪ ಅಮ್ಮ ಆರಾರು ತಿಂಗಳು ಬಂದಿರುವ ಮನೆಗೆ, ಪಾರ್ಕು, ಈಜುಕೊಳ, ವಾಕಿಂಗ್ ದಾರಿ ಇರುವ ಎಚ್‌ಒಎ ಬಡಾವಣೆ ನಿಜವಾಗಿಯೂ ಒಳ್ಳೆಯದು. ಸಂಜೆ ಅಮ್ಮನಿಗೆ ಮಾತಿಗೆ ಜನ ಸಿಗುತ್ತಾರೆ. ನಮ್ಮ ದಾರಿಯ ಬೆಂಚಿನಲ್ಲಿ ಗುಂಟೂರಿನವರೊಬ್ಬರು, ಪುಣೆಯವರೊಬ್ಬರು ಅಮ್ಮನಿಗೆ ಗೆಳತಿಯರಾದರು. ಕೈಯಲ್ಲಿ ಕೆಲಸ ಬರುವವರು, ತೋಟದ ಹುಚ್ಚಿನವರು ಸಂಘ ಇಲ್ಲದ ಜಾಗಕ್ಕೆ ಹೋಗಿ. ಒಬ್ಬರೇ ಇರುವವರು, ಊರ ನಡುವೆ ಇರಬೇಕಾದವರು ಕಾಂಡೋ ತಗೊಳ್ಳಿ, ರಿಸರ್ವ್ ಗಟ್ಟಿ ಇದ್ದರೆ ಮಾತ್ರ. ಟೌನ್‌ಹೋಮ್ ಆದರೆ ಅದು ಯಾವ ಜಾತಿ ಅಂತ ತಿಳಿದ ಮೇಲೆ ಮುಂದಿನ ಮಾತು.

ಇನ್ನು ಅಮ್ಮನ ಹಗ್ಗ. ಪತ್ರ ಬಂದ ರಾತ್ರಿ ಪುಸ್ತಕ ಬಿಚ್ಚಿ ಕೂತೆ. ಬಟ್ಟೆಯ ವಿಷಯ ಘೋಷಣಾ ಪತ್ರದಲ್ಲಿ ಇರಲಿಲ್ಲ, ನಿಯಮಗಳ ಪುಸ್ತಕದಲ್ಲಿ ಒಂದೇ ಸಾಲು ಇತ್ತು. ಅಂದರೆ ಬೋರ್ಡ್ ಬದಲಾಯಿಸಬಹುದು. ಹಗ್ಗ ಬಿಚ್ಚಿ, ಬೆಂಚಿನ ಗೆಳತಿಯರ ಮನೆಯವರನ್ನೂ ಸೇರಿಸಿ ಆರು ಮನೆಯವರು ಸಹಿ ಹಾಕಿ ಅರ್ಜಿ ಕೊಟ್ಟೆವು. ಕರೆಂಟು ಉಳಿಯುವ ಲೆಕ್ಕವನ್ನೂ ಬರೆದೆವು. ಬೋರ್ಡ್ ಸಭೆಗೆ ನಾವಷ್ಟೇ ಬಂದಿದ್ದೆವು, ಬೇರೆ ಯಾರೂ ಇರಲಿಲ್ಲ. ಎರಡನೇ ಸಭೆಯಲ್ಲಿ ಸಾಲು ಬದಲಾಯಿತು: ಬೇಲಿಗಿಂತ ಎತ್ತರ ಇರದ, ಸಂಜೆಗೆ ಮಡಚಿ ಒಳಗಿಡುವ ಸ್ಟ್ಯಾಂಡ್ ಆದರೆ ಆಗಬಹುದು. ಸ್ಟ್ಯಾಂಡ್ ತಂದು ಗ್ಯಾರೇಜಿನಲ್ಲಿ ಇಟ್ಟಿದ್ದೇನೆ. ಅಮ್ಮ ಮಾರ್ಚಿನಲ್ಲಿ ಬರುತ್ತಾರೆ.